ಮೈಟರ್ ಜಾಯಿಂಟ್ ಸಂದಿಲ್ಲದೆ ಕೂರಬೇಕಾದರೆ ಯಾವ ಟೂಲ್ ಬೇಕು?

ಎರಡು ಪಟ್ಟಿಗಳ ತುದಿಗಳನ್ನು ಓರೆಯಾಗಿ ಕತ್ತರಿಸಿ ಮೂಲೆಯಲ್ಲಿ ಕೂಡಿಸುವುದೇ ಮೈಟರ್ ಜಾಯಿಂಟ್. ನೀವು ಕೇಳಿರುವುದು ಎರಡು ಕೆಲಸದ ಬಗ್ಗೆ. ಒಂದು ಮರದ ಫೋಟೋ ಫ್ರೇಮ್, ಇನ್ನೊಂದು ಗೋಡೆ ಮತ್ತು ಸೀಲಿಂಗ್ ಸೇರುವಲ್ಲಿ ಓರೆಯಾಗಿ ಕೂರುವ ಕಾರ್ನಿಸ್ ಪಟ್ಟಿ. ಗರಗಸವನ್ನು ಕೋನಕ್ಕೆ ಹಿಡಿಯುವ ಸೀಳುಗಳಿರುವ ಪ್ಲಾಸ್ಟಿಕ್ ಮೈಟರ್ ಬಾಕ್ಸ್‌ನಲ್ಲಿ ಕತ್ತರಿಸಿದರೆ ಎರಡರಲ್ಲೂ ಮೂಲೆ ಬಾಯಿ ಬಿಡುತ್ತಿದೆ, ಪವರ್ ಮೈಟರ್ ಸಾ (ಕೋನಕ್ಕೆ ತಿರುಗಿಸಿ ಕತ್ತರಿಸುವ ಕರೆಂಟ್ ಗರಗಸ) ತಗೊಂಡರೆ ಸರಿಹೋಗುತ್ತದಾ ಎಂದು ಕೇಳಿದ್ದೀರಿ. ಫ್ರೇಮಿಗೆ ಪವರ್ ಸಾ ಇಲ್ಲದಿದ್ದರೂ ನಡೆಯುತ್ತದೆ. ಕಾರ್ನಿಸ್‌ಗೆ ಇದ್ದರೆ ಕೆಲಸ ಹಗುರ, ಆದರೆ ಅಲ್ಲಿ ಸಂದು ಬೀಳುವುದಕ್ಕೆ ಗರಗಸಕ್ಕಿಂತ ಹೆಚ್ಚು ಕಾರಣ ಗೋಡೆಯೇ. ಎರಡಕ್ಕೂ ಮೊದಲು ಬೇಕಾದದ್ದು ಕೋನ ಅಳೆಯುವ ಸಾಧನ, ಆಮೇಲೆ ಕತ್ತರಿಸಿದ ತುದಿಯನ್ನು ಕೂದಲೆಳೆಯಷ್ಟು ತಿದ್ದುವ ಸಾಧನ. ಗರಗಸ ಇವೆರಡರ ನಡುವೆ ಬರುತ್ತದೆ.

ತಪ್ಪು ಎಷ್ಟು ಬೇಗ ಬೆಳೆಯುತ್ತದೆ ನೋಡಿ. 60 ಮಿ.ಮೀ. ಅಗಲದ ಪಟ್ಟಿಯನ್ನು 45 ಡಿಗ್ರಿಗೆ ಕತ್ತರಿಸಿದರೆ ಕತ್ತರಿಸಿದ ಮುಖ ಸುಮಾರು 85 ಮಿ.ಮೀ. ಉದ್ದ ಬರುತ್ತದೆ. ಒಂದೊಂದು ಕಟ್‌ನಲ್ಲೂ ಅರ್ಧ ಡಿಗ್ರಿ ತಪ್ಪಿದರೆ ಆ ಜಾಯಿಂಟ್‌ನಲ್ಲಿ ಒಂದು ಡಿಗ್ರಿ, ಅಂದರೆ ಒಂದು ತುದಿಯಲ್ಲಿ ಸುಮಾರು 1.5 ಮಿ.ಮೀ. ಸಂದು. ಫ್ರೇಮಿನಲ್ಲಿ ಒಟ್ಟು ಎಂಟು ಕಟ್. ಮೂರು ಮೂಲೆಗಳನ್ನು ಒತ್ತಿ ಕೂಡಿಸಿದರೆ ತಪ್ಪೆಲ್ಲ ಸೇರಿ ನಾಲ್ಕನೇ ಮೂಲೆಯಲ್ಲಿ 4 ಡಿಗ್ರಿಯಾಗಿ, ಹತ್ತಿರ ಹತ್ತಿರ 6 ಮಿ.ಮೀ. ಸಂದಾಗಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ "ಮೂರು ಸರಿ ಬಂತು, ಕೊನೆಯದು ಮಾತ್ರ ಕೆಟ್ಟಿತು" ಅಂತ ಅನಿಸಿದಾಗ ಕೊನೆಯದನ್ನು ಮಾತ್ರ ತಿದ್ದಲು ಹೋಗಬೇಡಿ, ಎಂಟೂ ಕಟ್‌ಗಳನ್ನು ಅನುಮಾನಿಸಿ.

ಸಂದು ಎಲ್ಲಿದೆ ಎನ್ನುವುದೇ ತಪ್ಪು ಯಾವ ಕಡೆಗೆ ಎಂದು ಹೇಳುತ್ತದೆ. ಮೂಲೆಮಟ್ಟಕ್ಕೆ (90 ಡಿಗ್ರಿ ನೋಡುವ ಸಾಧನ) ಒತ್ತಿ ಹಿಡಿದಾಗ ಹೊರತುದಿಯಲ್ಲಿ ಸಂದು ಇದ್ದರೆ ಗರಗಸ 45ಕ್ಕಿಂತ ಕಡಿಮೆ ತಿರುಗಿದೆ. ಒಳತುದಿಯಲ್ಲಿ ಇದ್ದರೆ 45 ದಾಟಿದೆ. ಮೇಲ್ಮುಖದಲ್ಲಿ ಕೂಡಿಕೊಂಡು ಹಿಂಬದಿಯಲ್ಲಿ ತೆರೆದಿದ್ದರೆ ಬ್ಲೇಡು ನೆಟ್ಟಗೆ ನಿಂತಿಲ್ಲ. ಕೋನ ಎಲ್ಲ ಸರಿಯಿದ್ದೂ ಫ್ರೇಮ್ ಕೂಡದಿದ್ದರೆ ಎದುರುಬದುರಿನ ಪಟ್ಟಿಗಳ ಉದ್ದ ಬೇರೆ ಬೇರೆ ಇದೆ ಎಂದರ್ಥ. ಇದನ್ನು ಎಷ್ಟೇ ಕೋನ ತಿದ್ದಿದರೂ ಸರಿಮಾಡಲಾಗದು. ಉದ್ದಕ್ಕೆ ಟೇಪು ನಂಬಬೇಡಿ. ಬೆಂಚಿಗೋ ಫೆನ್ಸ್‌ಗೋ (ಕತ್ತರಿಸುವಾಗ ಪಟ್ಟಿಯನ್ನು ಒರಗಿಸುವ ನೇರ ಆಸರೆ) ಒಂದು ಮರದ ತುಂಡನ್ನು ಸ್ಟಾಪ್ ಆಗಿ ಕ್ಲ್ಯಾಂಪ್ ಮಾಡಿ, ಜೋಡಿ ಪಟ್ಟಿಗಳೆರಡನ್ನೂ ಅದಕ್ಕೇ ತಾಗಿಸಿ ಕತ್ತರಿಸಿ.

ಈಗ ಫ್ರೇಮಿನ ಟೂಲ್‌ಗಳು. ಪ್ಲಾಸ್ಟಿಕ್ ಬಾಕ್ಸ್‌ನ ಕಷ್ಟ ಏನೆಂದರೆ ಅದರ ಸೀಳು ಗರಗಸದ ಬ್ಲೇಡಿಗಿಂತ ಅಗಲ, ಬಳಸಿದಷ್ಟೂ ಇನ್ನೂ ಅಗಲವಾಗುತ್ತದೆ. ಜೊತೆಗೆ ಕೊಡುವ ಗರಗಸದ ಹಲ್ಲು ಒರಟು, ಬ್ಲೇಡು ಬಳುಕುತ್ತದೆ. ಬೆನ್ನಿಗೆ ಲೋಹದ ಪಟ್ಟಿ ಇರುವ, ಇಂಚಿಗೆ 12ರಿಂದ 14 ಹಲ್ಲಿನ ಟೆನನ್ ಸಾ ಒಂದನ್ನು ಹಾಕಿದರೆ ಅದೇ ಬಾಕ್ಸ್‌ನಲ್ಲೂ ಕಟ್ ಸುಧಾರಿಸುತ್ತದೆ. ಬಾಕ್ಸನ್ನು ಹಲಗೆಗೆ ಸ್ಕ್ರೂ ಮಾಡಿ, ಪಟ್ಟಿಯನ್ನು ಕೈಯಲ್ಲಿ ಹಿಡಿಯದೆ ಕ್ಲ್ಯಾಂಪ್ ಹಾಕಿ. ಗರಗಸವನ್ನೇ ಕಂಬಿಗಳ ನಡುವೆ ಹಿಡಿದು ನಡೆಸುವ ಲೋಹದ ಮೈಟರ್ ಸಾ ಇನ್ನೂ ಒಳ್ಳೆಯದು, ಸದ್ದಿಲ್ಲ, ಧೂಳು ಕಡಿಮೆ.

ಆದರೆ ಯಾವ ಗರಗಸದಿಂದ ಬಂದ ತುದಿಯನ್ನೂ ನೇರವಾಗಿ ಅಂಟಿಸಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅರ್ಧದಿಂದ ಒಂದು ಮಿ.ಮೀ. ಹೆಚ್ಚು ಬಿಟ್ಟು ಕತ್ತರಿಸಿ, ಆಮೇಲೆ ಶೂಟಿಂಗ್ ಬೋರ್ಡ್ ಮೇಲೆ ಹತ್ತರಿ ಹೊಡೆದು ಅಳತೆಗೆ ತನ್ನಿ. ಶೂಟಿಂಗ್ ಬೋರ್ಡ್ ನೀವೇ ಮಾಡಿಕೊಳ್ಳಬಹುದು. 18 ಮಿ.ಮೀ. ಪ್ಲೈವುಡ್ ಅಥವಾ ಎಂಡಿಎಫ್ ಹಲಗೆಯ ಮೇಲೆ ಅದಕ್ಕಿಂತ ಕಿರಿದಾದ ಇನ್ನೊಂದು ಹಲಗೆ ಕೂರಿಸಿದರೆ ಒಂದು ಬದಿಯಲ್ಲಿ ಮೆಟ್ಟಿಲಿನಂತೆ ಜಾಗ ಉಳಿಯುತ್ತದೆ. ಹತ್ತರಿಯನ್ನು ಮಗ್ಗುಲಾಗಿ ಮಲಗಿಸಿ ಆ ದಾರಿಯಲ್ಲಿ ಓಡಿಸುವುದು. ಮೇಲಿನ ಹಲಗೆಯ ಮೇಲೆ ಲಂಬಕೋನ ತ್ರಿಕೋನದ ಒಂದು ಗಟ್ಟಿ ತುಂಡು, ಅದರ ಎರಡು ಬದಿಗಳೂ ದಾರಿಗೆ 45 ಡಿಗ್ರಿ ಇರುವಂತೆ. ಪಟ್ಟಿಯನ್ನು ಒರಗಿಸುವ ಫೆನ್ಸ್ ಇದೇ.

ಇಲ್ಲಿ ಗಮನ ಕೊಡಬೇಕಾದ ವಿಷಯ ಇದೆ. ಆ ತ್ರಿಕೋನದ 90 ಡಿಗ್ರಿ ಮೂಲೆ ನಿಖರವಾಗಿದ್ದರೆ ಸಾಕು. ತುಂಡನ್ನು ಕೂರಿಸುವಾಗ ಸ್ವಲ್ಪ ತಿರುಗಿ ಒಂದು ಬದಿ 44.9, ಇನ್ನೊಂದು 45.1 ಆದರೂ ಎರಡೂ ಸೇರಿ 90 ಆಗುತ್ತವೆ. ಆದ್ದರಿಂದ ಒಂದು ಜಾಯಿಂಟ್‌ನ ಒಂದು ಪಟ್ಟಿಯನ್ನು ಎಡಬದಿಯಲ್ಲಿ, ಅದರ ಜೋಡಿಯನ್ನು ಬಲಬದಿಯಲ್ಲಿ ಹೊಡೆಯಬೇಕು. ಎರಡನ್ನೂ ಒಂದೇ ಬದಿಯಲ್ಲಿ ಹೊಡೆದರೆ ತಪ್ಪು ಇಮ್ಮಡಿಯಾಗುತ್ತದೆ. ಹತ್ತರಿಯ ಅಲಗು ಚೆನ್ನಾಗಿ ಮಸೆದಿರಬೇಕು. ಹೆರಪೆ ಅರೆಪಾರದರ್ಶಕವಾಗಿ ಸುರುಳಿ ಸುರುಳಿ ಬರಬೇಕು. ಪುಡಿ ಪುಡಿಯಾಗಿ ಬಂದರೆ ಅಲಗು ಮೊಂಡಾಗಿದೆ. ಸ್ವಲ್ಪ ಕೋನ ತಿದ್ದಬೇಕಾದರೆ ಪಟ್ಟಿಗೂ ಫೆನ್ಸ್‌ಗೂ ನಡುವೆ ಒಂದು ತುದಿಯಲ್ಲಿ ಕಾಗದದ ಚೂರು ಇಡಿ. 100 ಮಿ.ಮೀ. ದೂರದಲ್ಲಿ 0.1 ಮಿ.ಮೀ. ಕಾಗದ ಇಟ್ಟರೆ ಸುಮಾರು 0.06 ಡಿಗ್ರಿ ತಿರುಗುತ್ತದೆ.

ಫ್ರೇಮ್ ಕೆಲಸವೇ ಹೆಚ್ಚಿದ್ದರೆ ಗಿಲೊಟಿನ್ ಮಾದರಿಯ ಮೈಟರ್ ಟ್ರಿಮ್ಮರ್ ಬರುತ್ತದೆ. ಹಿಡಿ ಎಳೆದರೆ ಉದ್ದನೆಯ ಅಲಗು ತುದಿಯನ್ನು ಹೋಳು ತೆಗೆಯುತ್ತದೆ. ಅದು ಪೂರ್ತಿ ಪಟ್ಟಿಯನ್ನು ಕಡಿಯುವುದಕ್ಕಲ್ಲ, ಕತ್ತರಿಸಿದ ತುದಿಯಿಂದ ತೆಳುವಾಗಿ ಹೆರೆಯುವುದಕ್ಕೆ. ಒಂದೇ ಸಲ ದಪ್ಪ ತೆಗೆಯಲು ಹೋದರೆ ಮರ ಜಾರಿ ಮುಖ ಬಾಗುತ್ತದೆ.

ಪವರ್ ಮೈಟರ್ ಸಾ ತೆಗೆದುಕೊಳ್ಳುವುದಾದರೆ ಮೆಷಿನ್‌ಗಿಂತ ಬ್ಲೇಡಿನ ಮೇಲೆ ಹೆಚ್ಚು ಗಮನ ಕೊಡಿ. 254 ಮಿ.ಮೀ. ಬ್ಲೇಡಿಗೆ 60ರಿಂದ 80 ಹಲ್ಲು, 305 ಮಿ.ಮೀ. ಬ್ಲೇಡಿಗೆ 80ರಿಂದ 100. ಹಲ್ಲು ಮುಂದಕ್ಕೆ ಬಾಗಿರುವ ಕೋನ, ಅಂದರೆ ಹುಕ್ ಆಂಗಲ್, ಮೈನಸ್ 5ರಿಂದ ಪ್ಲಸ್ 5 ಡಿಗ್ರಿಯೊಳಗೆ ಇರಲಿ. ಅದಕ್ಕಿಂತ ಹೆಚ್ಚಿದ್ದರೆ ಬ್ಲೇಡು ಪಟ್ಟಿಯನ್ನು ತಾನೇ ಎಳೆದುಕೊಳ್ಳುತ್ತದೆ, ಕಟ್ ಅಲ್ಲೇ ಕೆಡುತ್ತದೆ.

ಹೊಸ ಮೆಷಿನ್ ಆದರೂ ಸ್ಕೇಲ್ ನಂಬುವ ಮೊದಲು ಪರೀಕ್ಷೆ ಮಾಡಿ. ಎರಡೂ ಅಂಚು ಸಮಾಂತರವಾಗಿರುವ ಅಗಲ ಹಲಗೆಯನ್ನು ಸೊನ್ನೆ ಡಿಗ್ರಿಯಲ್ಲಿ ಕತ್ತರಿಸಿ, ಒಂದು ತುಂಡನ್ನು ಮಗುಚಿ, ಎರಡನ್ನೂ ಫೆನ್ಸ್‌ಗೆ ಒತ್ತಿ ಕಟ್‌ಗಳನ್ನು ಕೂಡಿಸಿ. ಕಾಣುವ ಸಂದು ನಿಜವಾದ ತಪ್ಪಿನ ಎರಡರಷ್ಟು, ಆದ್ದರಿಂದ ಸಣ್ಣ ದೋಷವೂ ಕಣ್ಣಿಗೆ ಬೀಳುತ್ತದೆ. ಬ್ಲೇಡು ಮೇಜಿಗೆ ನೆಟ್ಟಗಿದೆಯೇ ಎನ್ನುವುದನ್ನೂ ಇದೇ ರೀತಿ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ನೋಡಬಹುದು. 45ರ ಖಾಚಿಗೆ (ತೋಳು ತಾನಾಗಿ ಸಿಕ್ಕಿ ನಿಲ್ಲುವ ಜಾಗ) ತೀರ ಹತ್ತಿರದ 44.7 ಬೇಕಾದಾಗ ಕೆಲವು ಮೆಷಿನ್‌ಗಳ ತೋಳು ಖಾಚಿಗೇ ಜಾರಿ ಬೀಳುತ್ತದೆ. ಆಗ ತೋಳನ್ನು ಖಾಚಿಯಲ್ಲೇ ಬಿಟ್ಟು ಪಟ್ಟಿಗೂ ಫೆನ್ಸ್‌ಗೂ ನಡುವೆ ಶಿಮ್, ಅಂದರೆ ತೆಳು ಚೂರು, ಕೊಡುವುದು ಸುಲಭ. 200 ಮಿ.ಮೀ. ದೂರದಲ್ಲಿ 1 ಮಿ.ಮೀ. ಶಿಮ್ ಎಂದರೆ ಸುಮಾರು 0.3 ಡಿಗ್ರಿ.

ಕತ್ತರಿಸುವಾಗ ಪಟ್ಟಿ ತೆವಳುವುದು ದೊಡ್ಡ ಶತ್ರು. ಓರೆ ಕಟ್‌ನಲ್ಲಿ ಬ್ಲೇಡು ಪಟ್ಟಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಕೈಯ ಹಿಡಿತ ಸಾಲದು. ಫೆನ್ಸ್‌ಗೆ ಉಪ್ಪುಕಾಗದ ಅಂಟಿಸಿ, ಕ್ಲ್ಯಾಂಪ್ ಹಾಕಿ. ಬ್ಲೇಡು ಪೂರ್ತಿ ವೇಗಕ್ಕೆ ಬಂದ ಮೇಲೆ ನಿಧಾನವಾಗಿ ಇಳಿಸಿ, ಕಟ್ ಮುಗಿದ ಮೇಲೆ ಬ್ಲೇಡು ನಿಂತ ನಂತರವೇ ಮೇಲಕ್ಕೆತ್ತಿ. ತಿರುಗುತ್ತಿರುವಾಗಲೇ ಎತ್ತಿದರೆ ಹಲ್ಲು ಮುಖವನ್ನು ಮತ್ತೆ ಗೀರುತ್ತದೆ.

ಕಾರ್ನಿಸ್‌ಗೆ ಬರೋಣ. ಗೋಡೆಯ ಮೂಲೆ 90 ಇರುತ್ತದೆ ಎಂದು ಊಹಿಸಲೇಬೇಡಿ. ಡಿಜಿಟಲ್ ಆಂಗಲ್ ಫೈಂಡರ್‌ನಿಂದ, ಪಟ್ಟಿ ಕೂರುವ ಎತ್ತರದಲ್ಲೇ ಅಳೆಯಿರಿ. ಮೂಲೆಯಲ್ಲಿ ಗಾರೆ ಉಬ್ಬಿದ್ದರೆ ಚಿಕ್ಕ ತೋಳಿನ ಸಾಧನ ತಪ್ಪು ತೋರಿಸುತ್ತದೆ. ಬಹಳ ಜನ ಎಡವುವುದು ಲೆಕ್ಕದಲ್ಲಿ: ಮೂಲೆ 92 ಬಂದರೆ ಅರ್ಧ ಮಾಡಿ ಗರಗಸವನ್ನು 46ಕ್ಕೆ ಇಡುತ್ತಾರೆ. ಗರಗಸದ ಸ್ಕೇಲ್‌ನಲ್ಲಿ ಸೊನ್ನೆ ಎಂದರೆ ನೇರ ಕಟ್. ಆದ್ದರಿಂದ 180ರಿಂದ ಮೂಲೆಯ ಕೋನ ಕಳೆದು ಅರ್ಧ ಮಾಡಬೇಕು. 92ಕ್ಕೆ 44, 88ಕ್ಕೆ 46, 135ಕ್ಕೆ 22.5.

ಮುಂದೆ ಸ್ಪ್ರಿಂಗ್ ಆಂಗಲ್, ಅಂದರೆ ಪಟ್ಟಿಯ ಬೆನ್ನಿಗೂ ಗೋಡೆಗೂ ನಡುವಿನ ಕೋನ. ಸಾಮಾನ್ಯವಾಗಿ 38 ಅಥವಾ 45. ಪಟ್ಟಿಯ ತುಂಡನ್ನು ಮೂಲೆಮಟ್ಟದೊಳಗೆ ಅದರ ಎರಡು ಚಪ್ಪಟೆ ಅಂಚುಗಳೂ ಕೂರುವಂತೆ ಇಟ್ಟು, ಗೋಡೆಯ ಮೇಲೆ ಎಷ್ಟು ಇಳಿಯುತ್ತದೆ, ಸೀಲಿಂಗ್ ಮೇಲೆ ಎಷ್ಟು ಚಾಚುತ್ತದೆ ಅಳೆಯಿರಿ. ಎರಡೂ ಸಮನಾಗಿದ್ದರೆ 45. ಚಾಚು ಇಳಿತದ 0.78ರಷ್ಟಿದ್ದರೆ 38.

ಕತ್ತರಿಸಲು ಎರಡು ದಾರಿ. ನನ್ನ ಒಲವು ಪಟ್ಟಿಯನ್ನು ತಲೆಕೆಳಗಾಗಿ ನಿಲ್ಲಿಸಿ ಕತ್ತರಿಸುವುದರ ಕಡೆಗೆ. ಮೆಷಿನ್‌ನ ಮೇಜನ್ನು ಸೀಲಿಂಗ್, ಫೆನ್ಸನ್ನು ಗೋಡೆ ಎಂದುಕೊಳ್ಳಿ. ಪಟ್ಟಿಯ ಸೀಲಿಂಗ್ ಅಂಚು ಮೇಜಿನ ಮೇಲೆ, ಗೋಡೆಯ ಅಂಚು ಫೆನ್ಸ್‌ಗೆ. ಹೀಗಿಟ್ಟರೆ ಬೆವೆಲ್ (ಬ್ಲೇಡನ್ನು ಪಕ್ಕಕ್ಕೆ ವಾಲಿಸುವ ಕೋನ) ಬೇಡ, ಮೈಟರ್ ಕೋನ ಒಂದೇ ಸಾಕು. ಮುಂದೆ ಜಾರದಂತೆ ಮೇಜಿಗೆ ಒಂದು ಮರದ ಪಟ್ಟಿಯನ್ನು ಸ್ಟಾಪ್ ಆಗಿ ಹಾಕಿ. ಇಲ್ಲದಿದ್ದರೆ ಸ್ಪ್ರಿಂಗ್ ಆಂಗಲ್ ಒಂದೊಂದು ಕಟ್‌ಗೂ ಬದಲಾಗಿ, ಗರಗಸ ಎಷ್ಟು ಸರಿಯಿದ್ದರೂ ಜಾಯಿಂಟ್ ಕೂಡುವುದಿಲ್ಲ. ಯಾವ ಕಡೆ ತಿರುಗಿಸಬೇಕು ಎನ್ನುವುದು ತಲೆ ಕೆಡಿಸುತ್ತದೆ, ಆದ್ದರಿಂದ ಮೆಷಿನ್ ಮೇಲೆ ಬರೆದು ಅಂಟಿಸಿಕೊಳ್ಳಿ. ಗೋಡೆಯ ಒಳಮೂಲೆಗೆ ಎಡಗಡೆ ಬರುವ ಪಟ್ಟಿಯಾದರೆ ಹಿಡಿಯನ್ನು ಬಲಕ್ಕೆ ತಿರುಗಿಸಿ, ಬ್ಲೇಡಿನ ಬಲಭಾಗದ ತುಂಡನ್ನು ಉಳಿಸಿಕೊಳ್ಳಿ. ಬಲಗಡೆ ಬರುವ ಪಟ್ಟಿಗೆ ಹಿಡಿ ಎಡಕ್ಕೆ, ಉಳಿಯುವುದು ಎಡತುಂಡು. ಹೊರಮೂಲೆಗೆ ಹಿಡಿ ತಿರುಗುವ ದಿಕ್ಕು ಮಾತ್ರ ಅದಲುಬದಲು, ಉಳಿಯುವ ತುಂಡು ಅದೇ ಬದಿಯದು.

ಪಟ್ಟಿ ಫೆನ್ಸ್‌ಗಿಂತ ಎತ್ತರವಿದ್ದರೆ ಮಲಗಿಸಿ ಕತ್ತರಿಸಲೇಬೇಕು, ಆಗ ಮೈಟರ್, ಬೆವೆಲ್ ಎರಡನ್ನೂ ಒಟ್ಟಿಗೆ ಕೊಡುವ ಕಾಂಪೌಂಡ್ ಮೈಟರ್ ಸಾ ಬೇಕು. 90 ಡಿಗ್ರಿ ಮೂಲೆಗೆ, ಸ್ಪ್ರಿಂಗ್ 38 ಇದ್ದರೆ ಮೈಟರ್ 31.6, ಬೆವೆಲ್ 33.9. ಸ್ಪ್ರಿಂಗ್ 45 ಇದ್ದರೆ ಮೈಟರ್ 35.3, ಬೆವೆಲ್ 30. ಮೂಲೆ 92 ಆದಾಗ 38ರ ಪಟ್ಟಿಗೆ ಇವು 30.7 ಮತ್ತು 33.2 ಆಗುತ್ತವೆ, 88 ಆದಾಗ 32.5 ಮತ್ತು 34.5. ಎರಡು ಕೋನವೂ ಒಟ್ಟಿಗೆ ಬದಲಾಗುವುದರಿಂದ ಒಂದನ್ನೇ ತಿದ್ದಿ ಸರಿಮಾಡಲು ಹೊರಟರೆ ಸಂದು ಮೇಲಿಂದ ಕೆಳಕ್ಕೆ ಜಾಗ ಬದಲಿಸುತ್ತದೆ ಅಷ್ಟೇ.

ಒಳಮೂಲೆಗಳಲ್ಲಿ ಮರದ ಪಟ್ಟಿಗೆ ನಾನು ಮೈಟರ್ ಜಾಯಿಂಟನ್ನು ಸೂಚಿಸುವುದೇ ಇಲ್ಲ, ಕೋಪಿಂಗ್ ಮಾಡಿ, ಅಂದರೆ ಒಂದು ಪಟ್ಟಿಯ ತುದಿಯನ್ನು ಇನ್ನೊಂದರ ಮುಖದ ಆಕಾರಕ್ಕೆ ಕೊಯ್ದು ಕೂರಿಸಿ. ಮರ ಒಣಗಿ ಕುಗ್ಗಿದಾಗ ಮೈಟರ್ ಬಾಯಿ ಬಿಡುತ್ತದೆ. ಕೋಪ್ ಮಾಡಿದ ಜಾಯಿಂಟ್‌ನಲ್ಲಿ ಒಂದು ಪಟ್ಟಿ ಇನ್ನೊಂದರ ಮುಖಕ್ಕೆ ಒರಗಿರುವುದರಿಂದ ಅಷ್ಟು ಕಾಣುವುದಿಲ್ಲ, ಮೂಲೆ ಒಂದೆರಡು ಡಿಗ್ರಿ ಓರೆಯಿದ್ದರೂ ಸಹಿಸಿಕೊಳ್ಳುತ್ತದೆ. ಮೊದಲ ಪಟ್ಟಿಯನ್ನು ನೇರವಾಗಿ ಕತ್ತರಿಸಿ ಗೋಡೆಗೆ ತಾಗಿಸಿ ಹೊಡೆಯಿರಿ. ಎರಡನೆಯದನ್ನು ಒಳಮೂಲೆಯ ಮೈಟರ್‌ನಂತೆ ಕತ್ತರಿಸಿ. ಕತ್ತರಿಸಿದ ಮುಖ ಮುಂಬದಿಗೆ ಸೇರುವ ಅಂಚೇ ಪಟ್ಟಿಯ ಆಕಾರದ ಗೆರೆ. ಅದರ ಮೇಲೆ ಪೆನ್ಸಿಲ್ ಅಡ್ಡವಾಗಿ ಸವರಿದರೆ ಗೆರೆ ಎದ್ದು ಕಾಣುತ್ತದೆ. ಕೋಪಿಂಗ್ ಗರಗಸಕ್ಕೆ ಇಂಚಿಗೆ 15ರಿಂದ 18 ಹಲ್ಲಿನ ಬ್ಲೇಡು, ಹಲ್ಲು ಹಿಡಿಯ ಕಡೆಗೆ ಇರಲಿ, ಎಳೆಯುವಾಗ ತೆಳು ಬ್ಲೇಡು ಬಿಗಿಯಾಗಿ ನಿಲ್ಲುತ್ತದೆ. ಆ ಗೆರೆಗುಂಟ, ಬ್ಲೇಡನ್ನು ಬೆನ್ನಿನ ಕಡೆಗೆ ಓರೆ ಮಾಡಿ ಕೊಯ್ಯಿರಿ. ಕಾರ್ನಿಸ್‌ಗೆ ಈ ಓರೆ ಧಾರಾಳವಾಗಿ, 30 ಡಿಗ್ರಿಯವರೆಗೂ ಬೇಕಾಗುತ್ತದೆ. ಕಡಿಮೆ ಮಾಡಿದರೆ ಹಿಂಬದಿಯ ಮರ ಮೊದಲು ತಾಗಿ ಮುಂದಿನ ಗೆರೆ ಕೂಡುವುದೇ ಇಲ್ಲ. ಉಳಿದ ಉಬ್ಬುಗಳನ್ನು ಅರ್ಧದುಂಡು ಅರದಿಂದ ತೆಗೆಯಿರಿ, ಮುಂದಿನ ಅಂಚನ್ನು ಮಾತ್ರ ಮುಟ್ಟಬೇಡಿ. ಉದ್ದ ಪಟ್ಟಿಯಾದರೆ 1 ಮಿ.ಮೀ.ನಷ್ಟು ಹೆಚ್ಚು ಬಿಟ್ಟು ಸ್ವಲ್ಪ ಬಾಗಿಸಿ ಕೂರಿಸಿದರೆ ಒತ್ತಡಕ್ಕೆ ಜಾಯಿಂಟ್ ಬಿಗಿಯಾಗುತ್ತದೆ.

ಹೊರಮೂಲೆಗೆ ಮೈಟರ್ ಬಿಟ್ಟು ದಾರಿಯಿಲ್ಲ. ಅಲ್ಲಿ 300 ಮಿ.ಮೀ. ಉದ್ದದ ಎರಡು ಚೂರುಗಳನ್ನು ಮೊದಲು ಕತ್ತರಿಸಿ ಮೂಲೆಗೆ ಹಿಡಿದು ನೋಡಿ, ಕೋನ ಖಚಿತವಾದ ಮೇಲೆ ಉದ್ದ ಪಟ್ಟಿಗೆ ಕೈಹಾಕಿ. ಅಂಟಿಸುವಾಗ ಮರದ ಕತ್ತರಿಸಿದ ತುದಿ ಗೋಂದನ್ನು ಹೀರಿಕೊಂಡು ಜಾಯಿಂಟ್ ಬರಿದಾಗುತ್ತದೆ. ತೆಳುವಾಗಿ ಒಂದು ಕೈ ಸವರಿ, ಕೆಲವು ನಿಮಿಷ ಬಿಟ್ಟು ಎರಡನೇ ಸಲ ಹಚ್ಚಿ ಕೂಡಿಸಿ. ಫ್ರೇಮಿಗೂ ಇದೇ ಕ್ರಮ, ಜೊತೆಗೆ ನಾಲ್ಕೂ ಮೂಲೆಗಳನ್ನು ಒಟ್ಟಿಗೆ ಬಿಗಿಯುವ ಬೆಲ್ಟ್ ಕ್ಲ್ಯಾಂಪ್.

ಹೊರಮೂಲೆ ಗೋಡೆಗೆ ತಿರುಗಿಕೊಳ್ಳುವ ಕಡೆ ಬೇಕಾಗುವ ಚಿಕ್ಕ ತುಂಡುಗಳನ್ನು ಉದ್ದ ಪಟ್ಟಿಯ ತುದಿಯಿಂದಲೇ ಕತ್ತರಿಸಿ, ಮೊದಲು ಮೈಟರ್, ಆಮೇಲೆ ನೇರ ಕಟ್. ಕೈ ಬ್ಲೇಡಿನಿಂದ 150 ಮಿ.ಮೀ. ದೂರ ಉಳಿಯದ ತುಂಡನ್ನು ಪವರ್ ಸಾಗೆ ಇಡಲೇಬೇಡಿ. ಬ್ಲೇಡಿನ ಹಿಂದೆ ಫೆನ್ಸ್‌ಗೆ ಒಂದು ಬಲಿ ಹಲಗೆ (ಪಟ್ಟಿಯ ಜೊತೆ ತಾನೂ ಕತ್ತರಿಸಿಕೊಳ್ಳುವ ಬೇಡದ ಹಲಗೆ) ಕಟ್ಟಿಕೊಂಡರೆ ಕಡಿದ ಚೂರು ಸಂದಿನಲ್ಲಿ ಸಿಕ್ಕಿ ಸಿಡಿಯುವುದೂ ತಪ್ಪುತ್ತದೆ, ಹಿಂಬದಿಯ ಅಂಚು ಕಿತ್ತುಹೋಗುವುದೂ ನಿಲ್ಲುತ್ತದೆ.