ನೀವು ನೋಡಿದ್ದು ಕಾಡಲ್ಲ, ರಬ್ಬರ್

ಮಳೆಗಾಲದಲ್ಲಿ ಸುಳ್ಯಕ್ಕೆ ಬಂದು, "ಎಂಥ ಕಾಡು ಮಾರಾಯ್ರೆ, ಪುಣ್ಯವಂತರು ನೀವು" ಅಂದಿರಿ. ಒಮ್ಮೆ ಜನವರಿ ಕೊನೆಗೆ ಬನ್ನಿ. ನೀವು ಕಾಡು ಅಂದುಕೊಂಡ ಗುಡ್ಡಗಳಲ್ಲಿ ಎಷ್ಟೋ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತವೆ. ಅದು ರಬ್ಬರ್. ಅದರ ಮೇಲ್ಗಡೆ ಕಪ್ಪು ಹಸಿರಾಗಿಯೇ ಉಳಿದಿರುತ್ತದಲ್ವಾ, ಅದು ಕಾಡು.

ನಮ್ಮದು ಮಂಡೆಕೋಲು ಕಡೆ. ಗುಡ್ಡದ ಆಚೆ ಕಾಸರಗೋಡು. 1956ರ ತನಕ ಎರಡೂ ಒಂದೇ ಜಿಲ್ಲೆ. ಅರೆಭಾಷೆ, ತುಳು, ಮಲಯಾಳ, ಕನ್ನಡ ಎಲ್ಲ ಇಲ್ಲಿ ಓಡುತ್ತದೆ. ಇವುಗಳ ನಡುವೆ ತಮಿಳೂ ಕೇಳಿ, ಅದು ಎಲ್ಲಿಂದ ಬಂತು ಅಂತ ಕೇಳಿದ್ರಿ. ಅದೂ ಕಾಡಿನ ಕತೆಯೇ.

1964ರಲ್ಲಿ ನಮ್ಮ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿಲೋನ್ (ಈಗಿನ ಶ್ರೀಲಂಕಾ) ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ ಒಪ್ಪಂದ ಮಾಡಿಕೊಂಡರು. ಸಿಲೋನಿನ ಚಹಾ ತೋಟಗಳಲ್ಲಿ ದುಡಿಯುತ್ತಿದ್ದ ಲಕ್ಷಗಟ್ಟಲೆ ತಮಿಳರು ಭಾರತಕ್ಕೆ ಬರಬೇಕಾಯಿತು. ಅವರಲ್ಲಿ ಒಂದಷ್ಟು ಜನರಿಗೆ ಕೆಲಸ ಕೊಡಲು ಸುಳ್ಯ, ಪುತ್ತೂರು ಕಡೆ ಸರ್ಕಾರಿ ಕಾಡಿನಲ್ಲಿ ರಬ್ಬರ್ ಎದ್ದಿತು. ಅವರ ಅಜ್ಜ ಮುತ್ತಜ್ಜಂದಿರನ್ನು ಬ್ರಿಟಿಷರು ಸಿಲೋನಿಗೆ ಸಾಗಿಸಿದ್ದೂ ಕಾಡು ಕಡಿದು ತೋಟ ಎಬ್ಬಿಸುವ ಕೆಲಸಕ್ಕೇ.

ಹಾಗಂತ ಕಾಡು ಹೋದದ್ದು ಅವರಿಂದ ಅನ್ನಬೇಡಿ. ನಾವೇನು ಕಮ್ಮಿ ಇಲ್ಲ. ನಮ್ಮಲ್ಲಿ ಕುಮ್ಕಿ ಅಂತ ಇದೆ. ಹಳೆಯ ವರ್ಗ ಜಾಗದ, ಅಂದರೆ ಸ್ವಂತ ಪಟ್ಟಾ ನೆಲದ, ಸುತ್ತ 100 ಗಜದೊಳಗಿನ ಸರ್ಕಾರಿ ನೆಲ. ಅಲ್ಲಿಂದ ಸೊಪ್ಪು, ಸೌದೆ ತರಬಹುದು, ದನ ಮೇಯಿಸಬಹುದು, ಆದರೆ ನೆಲ ನಮ್ಮದಲ್ಲ. ಅಮ್ಮ ದಿನಾ ಬೆಳಿಗ್ಗೆ ಒಂದು ಕಟ್ಟ ಸೊಪ್ಪು ತಂದು ಹಟ್ಟಿಗೆ ಹಾಸುತ್ತಿದ್ದರು. ದನ ತುಳಿದು ತುಳಿದು ಅದೇ ಗೊಬ್ಬರ, ಅದೇ ಅಡಿಕೆ ಬುಡಕ್ಕೆ. ಆಮೇಲೆ ಅಪ್ಪ ಕುಮ್ಕಿಗೂ ರಬ್ಬರ್ ಇಟ್ಟರು. ಸೊಪ್ಪು ಹೋಯಿತು, ದನ ಹೋಯಿತು, ಈಗ ಗೊಬ್ಬರ ಮೂಟೆಯಲ್ಲಿ ಬರುತ್ತದೆ. ಅಮ್ಮನಿಗೆ ಒಂದು ಕೆಲಸ ತಪ್ಪಿತು, ಅದು ಒಳ್ಳೆಯದೇ. ಆದರೆ ಸೊಪ್ಪಿಗೆ ಜೊತೆಯಾಗಿ ಹೋಗುತ್ತಿದ್ದ ನಾಲ್ಕು ಮನೆಯ ಹೆಂಗಸರು ಈಗ ಸೇರುವುದು ಮದುವೆಗೆ, ಇಲ್ಲವೇ ಸತ್ತವರ ಬೊಜ್ಜದ ಊಟಕ್ಕೆ ಮಾತ್ರ.

ಅಪ್ಪನನ್ನೂ ಬೈಯಲಾರೆ. ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗದಲ್ಲಿ ತೋಟಕ್ಕೆ ತೋಟವೇ ಹೋದದ್ದನ್ನು ಅವರು ಕಣ್ಣಾರೆ ಕಂಡವರು. ಸೋಗೆ ಹಳದಿಯಾಗುತ್ತದೆ, ಅಡಿಕೆ ಒಡೆದರೆ ಒಳಗೆ ಕಪ್ಪು. ಮದ್ದಿಲ್ಲ. ಅಡಿಕೆ ಒಂದನ್ನೇ ನಂಬಲು ಯಾರಿಗೆ ಧೈರ್ಯ? 2011ರಲ್ಲಿ ರಬ್ಬರ್ ಕಿಲೋಗೆ 200 ರೂಪಾಯಿ ಮೇಲಿದ್ದಾಗಂತೂ ಇಡೀ ಊರೇ ಗುಂಡಿ ತೋಡಿತು. ಆ ಗಿಡ ಹಾಲು ಕೊಡಲು ಏಳು ವರ್ಷ ಬೇಕು. ಐದೇ ವರ್ಷಕ್ಕೆ ರೇಟು ಅರ್ಧಕ್ಕೆ ಬಿತ್ತು.

ಇನ್ನು ಆನೆ. ರಬ್ಬರಿನಡಿ ಅದಕ್ಕೆ ತಿನ್ನಲು ಏನೂ ಇಲ್ಲ. ಹಾಗಾಗಿ ಸೀದಾ ನಮ್ಮ ಬಾಳೆಗೆ, ತೆಂಗಿಗೆ ಬರುತ್ತದೆ.

ನಮ್ಮಲ್ಲಿ ಟ್ಯಾಪಿಂಗ್, ಅಂದರೆ ರಬ್ಬರ್ ಮರ ಗೀರಿ ಹಾಲು ತೆಗೆಯುವ ಕೆಲಸ, ಮಾಡುವ ಅಣ್ಣ ಸಿಲೋನಿನಿಂದ ಬಂದವರ ಮಗ. ಮೊದಲು ನಸುಕಿನ ನಾಲ್ಕೂವರೆಗೇ ತಲೆಗೆ ಲೈಟು ಕಟ್ಟಿಕೊಂಡು ಮರದ ಬುಡದಲ್ಲಿರುತ್ತಿದ್ದರು. ತಂಪಿದ್ದಾಗ ಗೀರಿದರೆ ಹಾಲು ಜಾಸ್ತಿ, ಹಾಲು ಹಿಡಿಯುವ ಗೆರಟೆ ತುಂಬುತ್ತದೆ. ಈಗ ಬೆಳಕು ಹರಿಯದೆ ಅವರು ತೋಟಕ್ಕೆ ಇಳಿಯುವುದಿಲ್ಲ. ಹೊರಡುವ ಮುಂಚೆ ಅಮ್ಮನಿಗೆ ಫೋನು: "ಅಮ್ಮಾ, ರಾತ್ರಿ ಬಂದಿತ್ತಾ?" ಇಲ್ಲ ಅಂದ ಮೇಲೆಯೇ ಬೈಕು ಸ್ಟಾರ್ಟ್ ಆಗುವ ಶಬ್ದ ಕೇಳುತ್ತದೆ.