ನನ್ನ ಕಾದಂಬರಿಯ ನಾಯಕಿಗೆ ಹದಿನೈದು ವರ್ಷ. ಅಪ್ಪ-ಅಮ್ಮನ ಪಾತ್ರಗಳನ್ನು ಕಥೆಯಿಂದ ಹೊರಗಿಡುವುದು ಹೇಗೆ?

ಹೊರಗಿಡಬೇಡಿ. ಅಪಘಾತದಲ್ಲಿ ಸಾಯಿಸುವುದೂ ಬೇಡ, ಹುಡುಗಿಯನ್ನು ಹಾಸ್ಟೆಲಿಗೆ ಹಾಕುವುದೂ ಬೇಡ, ಇಬ್ಬರನ್ನೂ ದುಬೈಗೆ ಕಳಿಸುವುದೂ ಬೇಡ. ಈ ಮೂರರಲ್ಲಿ ಯಾವುದು ಮೇಲು ಅಂತ ಕೇಳಿದ್ದೀರಿ. ಮೊದಲ ಎರಡನ್ನೂ ನಾನು ಒಂದೇ ಕಾದಂಬರಿಯಲ್ಲಿ ಮಾಡಿದ್ದೆ, ಆ ಕಾದಂಬರಿ ಕೆಟ್ಟದ್ದೂ ಅದರಿಂದಲೇ. ರಾತ್ರಿ ಹೊಳೆದಂಡೆಗೆ ಹೋಗಿ ಕಳ್ಳ ಮರಳಿನ ಲಾರಿಗಳನ್ನು ಪತ್ತೆ ಹಚ್ಚಬೇಕಾದ ಹುಡುಗಿಗೆ ಮನೆಯವರೇ ಅಡ್ಡಿ ಅಂತ ನಿಮಗೆ ಅನ್ನಿಸಿದೆ. ನನಗೂ ಹಾಗೇ ಅನ್ನಿಸಿತ್ತು.

ನಾನು ಬ್ಯಾಡಗಿಯವನು. ನಮ್ಮದು ಖಾನಾವಳಿ ಮನೆ. ಮುಂದಿನ ಪಡಸಾಲೆಯಲ್ಲಿ ಗಿರಾಕಿಗಳು ಉಣ್ಣುತ್ತಿದ್ದರು, ರಾತ್ರಿ ಬೆಂಚು ಸರಿಸಿ, ನೆಲ ಒರೆಸಿ, ಅದೇ ಪಡಸಾಲೆಯಲ್ಲಿ ನಾವೆಲ್ಲ ಹಾಸಿಗೆ ಹಾಸುತ್ತಿದ್ದೆವು. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಚೀಲ ಹೇರಿಕೊಂಡು ಬಂದ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಡ್ರೈವರುಗಳಿಗೆ, ಹಮಾಲರಿಗೆ ಊಟ ನಮ್ಮಲ್ಲೇ. ಅವ್ವ ಮತ್ತು ದೊಡ್ಡವ್ವ ನಸುಕಿನಲ್ಲೇ ರೊಟ್ಟಿ ಬಡಿಯಲು ಕೂರುತ್ತಿದ್ದರು. ನೀರು ಕೊಡುವುದು, ತಾಟು ಎತ್ತುವುದು, ಅಪ್ಪ ಹೇಳಿದ್ದನ್ನು ಉದ್ರಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಗೆಳೆಯರು ಕ್ರಿಕೆಟ್ ಆಡುವ ಹೊತ್ತಿನಲ್ಲಿ ನಾನು ಡಬ್ಬಿ ಹಿಡಿದು ಅಂಗಡಿಯಿಂದ ಅಂಗಡಿಗೆ ಓಡುತ್ತಿದ್ದೆ. ನನ್ನ ಹೆಸರು ಹಿಡಿದು ಯಾರೂ ಕೂಗದ ಒಂದು ಮನೆ ಬೇಕು ಅನ್ನುವುದೇ ಆಗ ನನಗಿದ್ದ ದೊಡ್ಡ ಆಸೆ.

ಮುಂದೆ ನೌಕರಿ ಸಿಕ್ಕು, ಹುಬ್ಬಳ್ಳಿಯಲ್ಲಿ ಕೋಣೆ ಮಾಡಿ, ಹದಿಹರೆಯದವರಿಗೊಂದು ಕಾದಂಬರಿ ಬರೆಯಬೇಕೆಂದು ಕೂತಾಗ ಆ ಆಸೆಯನ್ನೇ ನನ್ನ ನಾಯಕನಿಗೆ ಈಡೇರಿಸಿಕೊಟ್ಟೆ. ಹದಿನಾಲ್ಕರ ಹುಡುಗ, ಒಂದು ಕಲ್ಪಿತ ಊರಿನ ಮಾರುಕಟ್ಟೆ, ಚೀಲಕ್ಕೆ ನೀರು ಹೊಡೆದು ತೂಕ ಹೆಚ್ಚಿಸುವ ದಲ್ಲಾಳಿ, ಅದನ್ನು ಕಂಡುಹಿಡಿಯುವ ಸಾಹಸ. ಮೊದಲ ಪುಟದಲ್ಲೇ ತಾಯಿ ತೀರಿಕೊಂಡಳು. ಎರಡನೇ ಪುಟದಲ್ಲಿ ತಂದೆ ಹುಡುಗನನ್ನು ಹಾಸ್ಟೆಲಿಗೆ ಬಿಟ್ಟು ಎತ್ತಲೋ ಹೋದ. ನನಗೆ ನಿರಾಳವಾಯಿತು. ಇನ್ನು ಹುಡುಗ ಏನು ಬೇಕಾದರೂ ಮಾಡಬಹುದು ಅಂದುಕೊಂಡೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಮಾಡಲು ಹೊರಟಿರುವುದೂ ಇದನ್ನೇ.

ನನ್ನ ಹುಡುಗ ನಡುರಾತ್ರಿ ಗೋದಾಮಿಗೆ ಹೋಗಬೇಕಿತ್ತು. ಹೋದ. ಎದ್ದ, ಚಪ್ಪಲಿ ಮೆಟ್ಟಿದ, ಹೋದ. ಅಷ್ಟೇ. ಓದುವವರ ಎದೆ ಬಡಿದುಕೊಳ್ಳಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಹಾಗಾಗಿ ಕತ್ತಲೆಯನ್ನು ವರ್ಣಿಸಿದೆ, ನಾಯಿ ಬೊಗಳಿಸಿದೆ, ಗಾಳಿ ಬೀಸಿಸಿದೆ. ಪುಟಗಟ್ಟಲೆ ಕತ್ತಲೆ ಬರೆದರೂ ಭಯ ಹುಟ್ಟಲಿಲ್ಲ. ನಮ್ಮ ಮನೆಯಲ್ಲಿ ರಾತ್ರಿ ಹೊರಗೆ ಹೋಗಬೇಕಾದರೆ ಅಜ್ಜಿಯ ಕಾಲು ದಾಟಬೇಕಿತ್ತು. ಅಜ್ಜಿಗೆ ನಿದ್ದೆ ಕಡಿಮೆ. ಬಾಗಿಲ ಪಕ್ಕದಲ್ಲಿ ಗಲ್ಲಾ ಪೆಟ್ಟಿಗೆಗೆ ತಲೆಕೊಟ್ಟು ಅಪ್ಪ ಮಲಗುತ್ತಿದ್ದ. ಅಗಳಿ ತೆಗೆದರೆ ಸದ್ದು, ತೆಗೆಯದಿದ್ದರೆ ದಾರಿಯಿಲ್ಲ. ಒಮ್ಮೆ ಗೆಳೆಯರ ಜೊತೆ ನಾಟಕ ನೋಡಲು ಕದ್ದು ಹೊರಟಾಗ ಆ ಪಡಸಾಲೆ ದಾಟುವುದರಲ್ಲಿ ನನಗೆ ಬೆವರು ಇಳಿದಿತ್ತು. ಆ ಬೆವರು ಕಾದಂಬರಿಗೆ ಬರಬೇಕಿತ್ತು, ಅದನ್ನು ಬರಿಸುವ ಅಜ್ಜಿಯನ್ನೂ ಅಪ್ಪನನ್ನೂ ನಾನೇ ಒರೆಸಿ ಹಾಕಿದ್ದೆ.

ಮತ್ತೆ ಅಡ್ಡಿಯೊಂದು ಬೇಕಲ್ಲ, ವಾರ್ಡನ್ ಬಂದ. ವಾರ್ಡನ್ ಬೇಡ ಅಂದರೆ ಬೇಡ, ಅದಕ್ಕೆ ಹಿಂದೆಮುಂದೆ ಇರುವುದಿಲ್ಲ. ಅಪ್ಪ ಬೇಡ ಅಂದರೆ ಅದರಲ್ಲಿ ಸಾಲ ಇರುತ್ತದೆ, ಮರ್ಯಾದೆಯ ಅಂಜಿಕೆ ಇರುತ್ತದೆ, ಆ ದಲ್ಲಾಳಿಯ ಹತ್ತಿರ ತೆಗೆದುಕೊಂಡ ಕೈಗಡ ಇರುತ್ತದೆ, ಮಗನ ಮೇಲಿನ ಜೀವ ಇರುತ್ತದೆ. ನನ್ನ ವಾರ್ಡನ್ ಪುಟದಿಂದ ಪುಟಕ್ಕೆ ಕೆಟ್ಟವನಾಗುತ್ತ ಹೋದ, ಯಾಕೆಂದರೆ ಬೇರೆ ಏನಾಗಲೂ ಅವನಲ್ಲಿ ಸರಕಿರಲಿಲ್ಲ.

ದಲ್ಲಾಳಿ ಹುಡುಗನಿಗೆ ದುಡ್ಡಿನ ಆಸೆ ತೋರಿಸುವ ಪ್ರಸಂಗ ಬಂತು. ಹುಡುಗ ಒಲ್ಲೆ ಅಂದ. ಅದರಲ್ಲಿ ಏನು ಹೆಚ್ಚುಗಾರಿಕೆ? ಅವನಿಗೆ ದುಡ್ಡು ಬೇಕಾದ ಕಾರಣವೇ ಇರಲಿಲ್ಲ. ಅಕ್ಕನ ಮದುವೆ ಗೊತ್ತಾಗಿ, ಅಪ್ಪ ಬಡ್ಡಿಗೆ ಸಾಲ ಹುಡುಕುತ್ತಿದ್ದಾನೆ ಅನ್ನಿ. ಆಗ ಅದೇ ಹುಡುಗ ಅದೇ ನೋಟುಗಳ ಮುಂದೆ ನಿಂತು ಒಲ್ಲೆ ಅನ್ನುವುದು ಎಷ್ಟು ಕಷ್ಟ ನೋಡಿ. ಕೊನೆಗೆ ಗೆದ್ದಾಗ ಹೇಳಿಕೊಳ್ಳಲು ಅವನಿಗೆ ಒಬ್ಬರೂ ಇರಲಿಲ್ಲ, ಪತ್ರಕರ್ತನೊಬ್ಬನನ್ನು ಕರೆತಂದು ಊರವರಿಂದ ಚಪ್ಪಾಳೆ ಹೊಡೆಸಿದೆ.

ಒಬ್ಬ ಪ್ರಕಾಶಕರು ಹಸ್ತಪ್ರತಿಯನ್ನು ಬಹಳ ದಿನ ಇಟ್ಟುಕೊಂಡು, ಒಂದೇ ಸಾಲಿನ ಪತ್ರದೊಂದಿಗೆ ಮರಳಿಸಿದರು. ಯಾಕೆ ಹಿಡಿಸಲಿಲ್ಲ ಅಂತ ಅದರಲ್ಲಿ ಇರಲಿಲ್ಲ. ಅದನ್ನು ಹೇಳಿದ್ದು ನನ್ನ ಅವ್ವ. ಅವ್ವನಿಗೆ ಓದು ಬರುವುದಿಲ್ಲ. ಅಕ್ಕನ ಮಗಳು ರಜೆಗೆ ಬಂದಾಗ ಮಧ್ಯಾಹ್ನ ಕೂತು ಓದಿ ಹೇಳುತ್ತಿದ್ದಳು. ನಾನು ಊರಿಗೆ ಹೋದಾಗ ಅವ್ವ ಕೇಳಿದಳು, "ಆ ಹುಡುಗ ಎಲ್ಲಿ ಉಣ್ತಾನ?"

"ಹಾಸ್ಟೆಲಿನ್ಯಾಗ ಅವ್ವಾ."

"ಯಾರು ನೀಡ್ತಾರ?"

"ಅಡಿಗಿಯವ್ರು ಇರ್ತಾರ."

"ಒಂದಿನ ಉಣ್ಲಿಲ್ಲಂದ್ರ ಯಾರಿಗೆ ಗೊತ್ತಾಕ್ಕೈತಿ?"

ನನ್ನ ಹುಡುಗ ಇಡೀ ಕಾದಂಬರಿಯಲ್ಲಿ ಊಟ ಬಿಟ್ಟರೂ, ತಡವಾಗಿ ಬಂದರೂ, ಮೈಮೇಲೆ ಗಾಯವಿದ್ದರೂ ಗಮನಿಸುವವರು ಒಬ್ಬರಿರಲಿಲ್ಲ. ಗಮನಿಸುವವರಿದ್ದರೆ ತಾನೇ ಮುಚ್ಚಿಡುವುದು, ಸುಳ್ಳು ಹೇಳುವುದು, ಸಿಕ್ಕಿಬೀಳುವುದು? ಹದಿನಾಲ್ಕು ಹದಿನೈದರ ವಯಸ್ಸು ಅಂದರೆ ಬಹುಪಾಲು ಅದೇ. ತಾಟಿನಲ್ಲಿ ರೊಟ್ಟಿ ಉಳಿಸಿದ್ದಕ್ಕೆ "ಯಾಕ, ಏನಾತು?" ಅಂತ ಅವ್ವ ಕೇಳುತ್ತಾಳೆ, ಏನಿಲ್ಲ ಅನ್ನುತ್ತೇವೆ. ಆ "ಏನಿಲ್ಲ" ಅನ್ನುವುದರಿಂದಲೇ ಒಂದು ಅಧ್ಯಾಯ ಶುರುವಾಗುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಾಯಿತು. ಅಪ್ಪನ ಮಂಡಿನೋವು ಹೆಚ್ಚಾಗಿ ಖಾನಾವಳಿ ಮುಚ್ಚಿದಾಗ ಉದ್ರಿ ಪುಸ್ತಕಗಳ ಒಂದು ಗಂಟು ಇತ್ತು. ಇಟ್ಟುಕೊಳ್ಳುತ್ತೀಯಾ ಅಂತ ಅಪ್ಪ ಕೇಳಿದ. ನನ್ನ ಕಾದಂಬರಿಯಲ್ಲಿ ಖಾನಾವಳಿಯೂ ಇಲ್ಲ, ಮನೆಯೂ ಇಲ್ಲ, ಇದೇಕೆ ಅಂತ ರದ್ದಿಗೆ ಹಾಕಿಸಿದೆ. ಹೆಸರು ಗೊತ್ತಿಲ್ಲದ ಗಿರಾಕಿಗಳನ್ನು ಅಪ್ಪ "ಹಸಿರು ಲಾರಿಯವ, ಎರಡು ಊಟ", "ಕುಂಟು ಹಮಾಲನ ಮಗ, ಬರೀ ರೊಟ್ಟಿ" ಅಂತ ಬರೆಸುತ್ತಿದ್ದ. ಸುಗ್ಗಿ ಕೆಟ್ಟ ವರ್ಷ ಯಾರ ಬಾಕಿಯ ಮೇಲೆ ಗೀಟು ಎಳೆದ, ಯಾರದ್ದನ್ನು ಎಳೆಯಲಿಲ್ಲ, ಎಲ್ಲ ಅದರಲ್ಲಿತ್ತು, ನನ್ನದೇ ಅಕ್ಷರದಲ್ಲಿ. ಎರಡನೇ ಸಲ ಕಾದಂಬರಿಯನ್ನು ಖಾನಾವಳಿಯೊಳಗಿಟ್ಟು ಬರೆಯಲು ಕೂತಾಗ ಅದಕ್ಕಾಗಿ ಬಹಳ ಪರಿತಪಿಸಿದೆ. ನೆನಪಿನಿಂದ ಎಷ್ಟು ಬಂತೋ ಅಷ್ಟೇ ಬಂತು.

ತಪ್ಪು ಎಲ್ಲಿತ್ತು ಅಂತ ಈಗ ಸ್ಪಷ್ಟವಾಗಿ ಹೇಳಬಲ್ಲೆ. ಹದಿಹರೆಯದ ಕಾದಂಬರಿಯಲ್ಲಿ ಗಂಟು ಬಿಡಿಸಬೇಕಾದವರು ಆ ಹುಡುಗ ಹುಡುಗಿಯರೇ, ದೊಡ್ಡವರು ಬಂದು ಬಿಡಿಸಿಕೊಟ್ಟರೆ ಕಥೆ ಕೆಡುತ್ತದೆ. ಇದು ನಿಜ. ಒಬ್ಬಳೇ ನಿರ್ಧರಿಸಬೇಕು ಅಂದರೆ ಒಬ್ಬಳೇ ಬದುಕಬೇಕು ಅಂತ ನಾನು ತಿಳಿದೆ, ಅದೇ ತಪ್ಪು. ಮನೆ ತುಂಬ ಜನರಿದ್ದೂ ಮಗುವಿನ ಮಾತು ಕೇಳಲು ಯಾರಿಗೂ ಆಗದಿರುವುದು ದಿನನಿತ್ಯದ ಸಂಗತಿ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಾನು ಅವ್ವನಿಗೆ ಭೂಕಂಪವಾಗಿದೆ ಅಂದಿದ್ದರೂ "ಮೊದಲು ಆ ಮೂರನೇ ತಾಟಿಗೆ ಪಲ್ಯ ನೀಡು" ಅನ್ನುತ್ತಿದ್ದಳು. ಪ್ರೀತಿ ಕಡಿಮೆಯಿರಲಿಲ್ಲ, ಪುರುಸೊತ್ತಿರಲಿಲ್ಲ. ದೊಡ್ಡವರನ್ನು ಕಥೆಯಲ್ಲಿ ಕೈಕಟ್ಟಿ ಕೂರಿಸಲು ಕೊಲ್ಲಬೇಕಿಲ್ಲ. ದುಡಿಮೆ ಸಾಕು, ಸಾಲ ಸಾಕು, ಹೆದರಿಕೆ ಸಾಕು.

ಅನಾಥರ ಕಥೆಗಳೇ ಗೆದ್ದಿವೆಯಲ್ಲ ಅಂತ ಹ್ಯಾರಿ ಪಾಟರ್‌ನ ಉದಾಹರಣೆ ಕೊಟ್ಟಿದ್ದೀರಿ. ಇನ್ನೊಮ್ಮೆ ಓದಿ. 1997ರ ಮೊದಲ ಪುಸ್ತಕದಲ್ಲಿ ಮನಸ್ಸಿನ ಆಳದ ಆಸೆ ತೋರಿಸುವ ಕನ್ನಡಿಯ ಮುಂದೆ ನಿಂತಾಗ ಆ ಹುಡುಗನಿಗೆ ಕಾಣುವುದು ಅಪ್ಪ, ಅಮ್ಮ, ಬಂಧುಬಳಗ. ತಂದೆತಾಯಿ ಸತ್ತಿದ್ದಾರೆ, ಕುಟುಂಬ ಕಥೆಯ ನಡುಮಧ್ಯದಲ್ಲೇ ಇದೆ. ಎಸ್.ಇ. ಹಿಂಟನ್ ಹೈಸ್ಕೂಲಿನಲ್ಲಿದ್ದಾಗಲೇ ಬರೆದ 'ದಿ ಔಟ್‌ಸೈಡರ್ಸ್' 1967ರಲ್ಲಿ ಪ್ರಕಟವಾಯಿತು, ಅಮೆರಿಕದ ಹದಿಹರೆಯದ ಕಾದಂಬರಿಗೆ ಅದೇ ದಾರಿ ತೋರಿಸಿತು ಅನ್ನುತ್ತಾರೆ. ಅಲ್ಲಿಯೂ ಅಪ್ಪ-ಅಮ್ಮ ಅಪಘಾತದಲ್ಲಿ ಹೋಗಿದ್ದಾರೆ. ಆದರೆ ದೊಡ್ಡಣ್ಣ ಓದು ಬಿಟ್ಟು ದುಡಿಯುತ್ತಿದ್ದಾನೆ, ಸರ್ಕಾರ ಮೂವರು ಅಣ್ಣತಮ್ಮಂದಿರನ್ನೂ ಬೇರೆ ಮಾಡೀತು ಅನ್ನುವ ಭಯವಿದೆ. ತಮ್ಮ ತಡರಾತ್ರಿ ಮನೆಗೆ ಬರುತ್ತಾನೆ, ಕಾದು ಕಂಗಾಲಾಗಿದ್ದ ಅಣ್ಣ ಹೊಡೆಯುತ್ತಾನೆ, ತಮ್ಮ ಮನೆಬಿಟ್ಟು ಓಡುತ್ತಾನೆ. ಕೊಲೆ, ತಲೆಮರೆಸಿಕೊಳ್ಳುವುದು, ಬೆಂಕಿ ಎಲ್ಲವೂ ಆ ಒಂದು ಏಟಿನ ನಂತರದವು. ಕಾಯುವ ಅಣ್ಣ ಇರದಿದ್ದರೆ ಕಥೆಯೇ ಇಲ್ಲ.

ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರ ಸ್ವಾಮಿಯನ್ನೇ ತೆಗೆದುಕೊಳ್ಳಿ. 1935ರ ಪುಸ್ತಕ, ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ್ದರಿಂದ ನಮಗೆಲ್ಲ ನೆರೆಮನೆಯ ಹುಡುಗ. ಅವನೂ ಶಾಲೆಯ ಭಯಕ್ಕೆ ಊರುಬಿಟ್ಟು ಓಡುತ್ತಾನೆ, ಕಾಡಿನ ದಾರಿಯಲ್ಲಿ ಕತ್ತಲಾಗುತ್ತದೆ. ಓದುವಾಗ ನನ್ನ ಕರುಳು ಕಿವುಚಿದ್ದು ಕಾಡಿನಿಂದಲ್ಲ, ಇತ್ತ ಅಪ್ಪ ಮಗನನ್ನು ಹುಡುಕುತ್ತ ರಾತ್ರಿ ಅಲೆಯುವುದರಿಂದ. ಆ ಅಪ್ಪ ಶಿಸ್ತಿನ ಮನುಷ್ಯ, ರಜೆಯಲ್ಲೂ ಲೆಕ್ಕ ಮಾಡಿಸುವವ. ಸ್ವಾಮಿಗೆ ಅವನೆಂದರೆ ಅಂಜಿಕೆ, ಹೆಮ್ಮೆಯ ಮಾತು ಹೇಳಿಕೊಳ್ಳಲು ಅಜ್ಜಿ. ಯಾವ ಸಾಹಸಕ್ಕೂ ಆ ಮನೆ ಅಡ್ಡ ಬಂದಿಲ್ಲ.

ಇನ್ನೊಂದು ಮಾತು. ಇಂಗ್ಲಿಷ್ ಕಾದಂಬರಿಗಳ ಹುಡುಗಿ ಸಿಟ್ಟು ಬಂದರೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ನಮ್ಮ ಎಷ್ಟು ಹುಡುಗಿಯರಿಗೆ ಹಾಕಿಕೊಳ್ಳಲು ಬಾಗಿಲಿದೆ? ಅವಳು ಅಳಬೇಕಾದರೆ ಬಚ್ಚಲಿಗೆ ಹೋಗಬೇಕು ಅಥವಾ ಮಾಳಿಗೆ ಹತ್ತಬೇಕು, ಅಲ್ಲಿಗೂ ತಮ್ಮ ಹಿಂದೆಯೇ ಬರುತ್ತಾನೆ. ಫೋನು ಒಂದೇ, ಅದು ಅಣ್ಣನ ಕೈಯಲ್ಲಿ. ಅಂಕಪಟ್ಟಿಗೆ ಸಹಿ ಅಪ್ಪನದು. ಎಸ್ಸೆಸ್ಸೆಲ್ಸಿ ಆದಮೇಲೆ ಸೈನ್ಸೋ ಆರ್ಟ್ಸೋ ಅನ್ನುವುದಕ್ಕೆ ಹಾವೇರಿಯ ಚಿಕ್ಕಪ್ಪನಿಗೂ ಒಂದು ಅಭಿಪ್ರಾಯ. ಇದೆಲ್ಲ ನಿಮಗೆ ತೊಡಕಾಗಿ ಕಾಣುತ್ತಿದೆ. ನನ್ನ ಪ್ರಕಾರ ಬೇರೆ ಭಾಷೆಯವರು ಹುಡುಕಿ ಕಟ್ಟಬೇಕಾದ ಬಿಕ್ಕಟ್ಟುಗಳು ನಮಗೆ ಹೊಸ್ತಿಲೊಳಗೇ ಸಿಗುತ್ತಿವೆ, ನಾವು ಅವನ್ನು ಗುಡಿಸಿ ಹೊರಗೆ ಹಾಕುತ್ತಿದ್ದೇವೆ.

ಕುಟುಂಬ ಇರಲಿ ಅಂದರೆ ಕುಟುಂಬವನ್ನು ಹೊಗಳಿ ಅಂತ ಅಲ್ಲ. ಹೊಡೆಯುವ ಅಪ್ಪಂದಿರಿದ್ದಾರೆ, ಹುಡುಗಿಯ ಓದು ನಿಲ್ಲಿಸಿ ಮದುವೆಗೆ ಕೂರಿಸುವ ಮನೆಗಳಿವೆ. ಅಂಥ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳೂ ನಿಮ್ಮ ಪುಸ್ತಕ ಓದುತ್ತಾರೆ. ಕೊನೆಯ ಪುಟದಲ್ಲಿ ಎಲ್ಲರನ್ನೂ ತಬ್ಬಿಸಿ ಅಳಿಸಿದರೆ ಆ ಮಕ್ಕಳಿಗೆ ಮೋಸ ಮಾಡಿದಂತೆ. ಅಂಥ ಕಥೆ ಬರೆದರೆ ಹುಡುಗಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಲಿ, ಟೀಚರಮ್ಮನ ಹತ್ತಿರ ಹೋಗಲಿ, ಕ್ಷಮಿಸದೆಯೂ ಇರಲಿ. ಆಗಲೂ ಆ ಮನೆ ಪುಟದ ಮೇಲೆ ಕಾಣಬೇಕು, ಅವಳು ಯಾವುದರಿಂದ ಪಾರಾದಳು ಅನ್ನುವುದು ಓದುವವರಿಗೆ ತಿಳಿಯಬೇಕು.

ಈಗ ನಿಮ್ಮ ಹುಡುಗಿಯ ವಿಷಯ. ಆ ಮರಳು ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿದ್ದೀರಾ? ಯಾರದೋ ಮನೆ ಕಟ್ಟಲಿಕ್ಕೆ. ಅವಳದೇ ಮನೆಯ ಮೇಲೆ ಅಣ್ಣನ ಮದುವೆಗೆಂದು ಒಂದು ಕೋಣೆ ಏಳುತ್ತಿರಲಿ. ಅಂಗಳದಲ್ಲಿ ಮರಳಿನ ರಾಶಿ ಬಿದ್ದಿರಲಿ, ತಂಗಿ ಅದರಲ್ಲಿ ಗುಬ್ಬಿಗೂಡು ಕಟ್ಟಿ ಆಡುತ್ತಿರಲಿ. ಲಾರಿ ಓಡಿಸುವವರಲ್ಲಿ ಒಬ್ಬ ಅವಳ ಸೋದರಮಾವನಾಗಲಿ, ಅವಳಿಗೆ ಮೊದಲ ಸೈಕಲ್ ಕೊಡಿಸಿದವನು. ಮಾವನಿಗೆ ಬೇರೆ ಕೆಲಸ ಸಿಕ್ಕಿಲ್ಲ, ಅವನ ಸಂಬಳದಲ್ಲಿ ಅಜ್ಜಿಯ ಔಷಧಿ ಬರುತ್ತಿದೆ. ಅವಳು ಹೊಳೆದಂಡೆಯಲ್ಲಿ ಬಗ್ಗಿ ಕೂತು ಲಾರಿಗಳ ನಂಬರು ಬರೆದುಕೊಳ್ಳುವಾಗ ಮೂರನೆಯ ಲಾರಿ ಮಾವನದಾಗಿರಲಿ.

ರಾತ್ರಿ ಹೊರಗೆ ಹೋಗುವುದು ಹೇಗೆ ಅಂತ ತಲೆಕೆಡಿಸಿಕೊಂಡಿದ್ದೀರಿ. ತಂಗಿಗೆ ಎಚ್ಚರವಾಗಲಿ, ನನ್ನನ್ನೂ ಕರೆದುಕೊಂಡು ಹೋಗದಿದ್ದರೆ ಅವ್ವನಿಗೆ ಹೇಳುತ್ತೇನೆ ಅಂತ ಹಟ ಹಿಡಿಯಲಿ. ಎಂಟು ವರ್ಷದ ತಂಗಿಯ ಕೈ ಹಿಡಿದು ಅವಳು ಆ ದಂಡೆಯ ಮೇಲೆ ನಡೆಯುವಂತೆ ಮೂರನೇ ಅಧ್ಯಾಯವನ್ನು ಮತ್ತೆ ಬರೆಯಿರಿ. ಮೊದಲನೆಯ ಅಧ್ಯಾಯದ ಅಪಘಾತವನ್ನು ಇವತ್ತೇ ಹೊಡೆದುಹಾಕಿ.