ಹಳೆಯ ವೈ-ಫೈ ಪೊಸಿಷನಿಂಗ್ ಸರ್ವರ್ ಆರ್ಮ್ ಬೋರ್ಡಿಗೆ ಬಂದ ಮೇಲೆ ನಕ್ಷೆಯಲ್ಲಿ ಫೋನ್ ಎಲ್ಲಿದೆ ಎಂದು ತೋರಿಸುವ ಚುಕ್ಕಿ ಕುಣಿಯುತ್ತಿದೆ, ಮಷೀನ್ ಲರ್ನಿಂಗ್ ಹಾಕಿ ಹೊಸದಾಗಿ ಬರೆಯಲೇ?

ಬೇಡ, ಬರೆಯಬೇಡಿ. ಎಕ್ಸ್86ನಲ್ಲಿ, ಅಂದರೆ ಇಂಟೆಲ್ ಬಗೆಯ ಪ್ರೊಸೆಸರಿನಲ್ಲಿ, ವರ್ಷಗಟ್ಟಲೆ ನಡೆದ ಸಿ ಕೋಡ್ ಆರ್ಮ್‌ನಲ್ಲಿ ತಕರಾರಿಲ್ಲದೆ ಕಂಪೈಲ್ ಆಗಿ, ಕ್ರ್ಯಾಶೂ ಆಗದೆ, ಮೇಜಿನ ಮೇಲೆ ಸುಮ್ಮನಿಟ್ಟ ಫೋನನ್ನು ಕೋಣೆಯಿಂದ ಕೋಣೆಗೆ ಹಾರಿಸುತ್ತಿದೆ ಅಂದಿರಿ. ನಾನು ನೋಡಿಕೊಳ್ಳುವ ಸರ್ವರೂ ಇದೇ ಆಟ ಆಡಿತ್ತು. ಆಗಲೂ ಎಲ್ಲರೂ ದೂರಿದ್ದು ಅಲ್ಗಾರಿದಮನ್ನೇ. ಕೆಟ್ಟಿದ್ದು ಮಾತ್ರ ಒಂದು ಬೈಟು.

ಫೋನ್ ಕಳಿಸುವ ಸ್ಕ್ಯಾನ್ ಪ್ಯಾಕೆಟ್ಟಿನ ಸ್ಟ್ರಕ್ಟಿನಲ್ಲಿ, ಸಿಗ್ನಲ್ಲಿನ ಬಲ ಹೇಳುವ ಆರ್‌ಎಸ್‌ಎಸ್‌ಐ ಯಾವ ಟೈಪಿನಲ್ಲಿದೆ ನೋಡಿ. ಬರೀ 'ಚಾರ್' ಅಂತಿದ್ದರೆ ಅಲ್ಲೇ ನಿಲ್ಲಿ. ಚಾರ್ ಸೈನ್ಡೋ (ಮೈನಸ್ ಸಂಖ್ಯೆಯನ್ನೂ ಹಿಡಿಯುವಂಥದ್ದೋ) ಅನ್‌ಸೈನ್ಡೋ ಎಂಬುದನ್ನು ಸಿ ಭಾಷೆ ಕಂಪೈಲರಿಗೆ ಬಿಟ್ಟಿದೆ. ಲಿನಕ್ಸಿನಲ್ಲಿ ಎಕ್ಸ್86ಗೆ ಅದು ಸೈನ್ಡ್, ಆರ್ಮ್‌ಗೆ ಅನ್‌ಸೈನ್ಡ್. ಹಾಗಾಗಿ ಅಲ್ಲಿ ಮೈನಸ್ 65 ಡಿಬಿಎಂ ಇದ್ದದ್ದು ಇಲ್ಲಿ 191 ಆಗುತ್ತದೆ.

ಇಷ್ಟು ದೊಡ್ಡ ತಪ್ಪು ಮೊದಲ ದಿನವೇ ಕಣ್ಣಿಗೆ ಬೀಳಬೇಕಿತ್ತಲ್ಲ? ಬೀಳುವುದಿಲ್ಲ, ಯಾಕೆಂದರೆ ಫಿಂಗರ್‌ಪ್ರಿಂಟ್ ಡೇಟಾಬೇಸನ್ನೂ (ಯಾವ ಜಾಗದಲ್ಲಿ ಯಾವ ಸಿಗ್ನಲ್ ಎಷ್ಟು ಬಲ ಎಂದು ಮೊದಲೇ ಅಳೆದಿಟ್ಟ ಪಟ್ಟಿ) ಅದೇ ಸ್ಟ್ರಕ್ಟಿಗೆ ಓದಿಕೊಂಡಿರುತ್ತಾರೆ. ಎರಡೂ ಕಡೆ 256 ಕೂಡಿದರೆ ವ್ಯತ್ಯಾಸ ಹಾಗೇ ಉಳಿಯುತ್ತದೆ: ಮೈನಸ್ 65ಕ್ಕೂ ಮೈನಸ್ 70ಕ್ಕೂ ನಡುವೆ 5, 191ಕ್ಕೂ 186ಕ್ಕೂ ನಡುವೆಯೂ 5. ಈ ವ್ಯತ್ಯಾಸಗಳ ವರ್ಗಗಳನ್ನು ಕೂಡಿದಾಗ ಮೊತ್ತ ಯಾವ ಜಾಗಕ್ಕೆ ಕಡಿಮೆಯೋ ಚುಕ್ಕಿ ಅಲ್ಲಿ ಬೀಳುತ್ತದೆ. ಎಡವಟ್ಟಾಗುವುದು ಡೇಟಾಬೇಸಿನಲ್ಲಿರುವ ಆಕ್ಸೆಸ್ ಪಾಯಿಂಟ್ (ವೈ-ಫೈ ಸಿಗ್ನಲ್ ಕೊಡುವ ಪೆಟ್ಟಿಗೆ) ಸ್ಕ್ಯಾನಿನಲ್ಲಿ ಕಾಣದಿದ್ದಾಗ. ಇಂಥ ಕೋಡ್ ಸಾಮಾನ್ಯವಾಗಿ ಅದರ ಜಾಗಕ್ಕೆ ಮೈನಸ್ 100 ಇಡುತ್ತದೆ, ಅದೂ ಇಂಟ್ ಆಗಿ, ಹಾಗಾಗಿ ಅದು ಆರ್ಮ್‌ನಲ್ಲೂ ಮೈನಸ್ಸಾಗೇ ಉಳಿಯುತ್ತದೆ. ಮೈನಸ್ 88ರ ಒಂದು ಕ್ಷೀಣ ಸಿಗ್ನಲ್ ತಪ್ಪಿದರೆ ವ್ಯತ್ಯಾಸ 12, ವರ್ಗ 144. ಹೆಚ್ಚೇನೂ ಏರುಪೇರಾಗದು. ಆರ್ಮ್‌ನಲ್ಲಿ ಅದೇ 168ಕ್ಕೂ ಮೈನಸ್ 100ಕ್ಕೂ ನಡುವೆ 268, ವರ್ಗ 71,824. ಉಳಿದ ಹತ್ತು ಆಕ್ಸೆಸ್ ಪಾಯಿಂಟ್ ಕರಾರುವಾಕ್ಕಾಗಿ ಹೊಂದಿದರೂ ಈ ಒಂದು ಎಲ್ಲವನ್ನೂ ನುಂಗಿಹಾಕುತ್ತದೆ. ಅಂಚಿನ ಸಿಗ್ನಲ್ ಒಂದು ಸ್ಕ್ಯಾನಿನಲ್ಲಿ ಬಂದು ಮುಂದಿನದರಲ್ಲಿ ಮಾಯವಾಗುವುದು ಸಹಜ. ಅದು ಬಂದು ಹೋದಂತೆಲ್ಲ ಚುಕ್ಕಿಯೂ ಕೋಣೆ ಬದಲಿಸುತ್ತದೆ.

ಸಾಲದ್ದಕ್ಕೆ ಮೈನಸ್ 90ಕ್ಕಿಂತ ಕೆಳಗಿನದನ್ನು ಕೈಬಿಡುವ ಫಿಲ್ಟರೂ ಕೆಲಸ ನಿಲ್ಲಿಸಿರುತ್ತದೆ. ಅನ್‌ಸೈನ್ಡ್ ಸಂಖ್ಯೆ ಎಂದಿಗೂ ಮೈನಸ್ 90ಕ್ಕಿಂತ ಕಡಿಮೆ ಆಗದಲ್ಲ! ಜಿಸಿಸಿ ಕಂಪೈಲರ್ ಇದನ್ನು ಬಾಯಿಬಿಟ್ಟು ಹೇಳುತ್ತದೆ, ಎಚ್ಚರಿಕೆಗಳನ್ನು ತೋರಿಸುವ ಆಯ್ಕೆ 'ಡಬ್ಲ್ಯೂ-ಎಕ್ಸ್‌ಟ್ರಾ' ಹಾಕಿದ್ದರೆ. 'ಡಬ್ಲ್ಯೂ-ಆಲ್' ಒಂದೇ ಸಾಲದು.

ಖಚಿತಪಡಿಸಿಕೊಳ್ಳಲು ಆರ್ಮ್ ಬೋರ್ಡೇ ಬೇಡ. ಹಳೆಯ ಯಂತ್ರದಲ್ಲಿ 'ಎಫ್-ಅನ್‌ಸೈನ್ಡ್-ಚಾರ್' ಕೊಟ್ಟು ಬಿಲ್ಡ್ ಮಾಡಿ. ಅಲ್ಲೂ ಚುಕ್ಕಿ ಕುಣಿದರೆ ಕಳ್ಳ ಸಿಕ್ಕಿದ ಹಾಗೆ. ಆರ್ಮ್‌ನಲ್ಲಿ 'ಎಫ್-ಸೈನ್ಡ್-ಚಾರ್' ಕೊಟ್ಟರೆ ಸದ್ಯಕ್ಕೆ ಕೆಲಸ ನಡೆಯುತ್ತದೆ, ಆದರೆ ಅದು ಮೇಕ್‌ಫೈಲಿನಲ್ಲಿ ಅಡಗಿದ ತೇಪೆ, ಮುಂದೆ ಬಂದವರು ಕಿತ್ತುಹಾಕುತ್ತಾರೆ. ಟೈಪನ್ನೇ 'ಇಂಟ್8_ಟಿ' ಮಾಡಿ, ಅದು ಎಲ್ಲ ಕಡೆಯೂ ಸೈನ್ಡ್. ಮಷೀನ್ ಲರ್ನಿಂಗ್ ಮಾದರಿಗೂ ನೀವು ಉಣಿಸುವುದು ಇದೇ ಬೈಟನ್ನೇ, ಆದ್ದರಿಂದ ಆ ಮಾತು ಈಗ ಬೇಡ.

ಆಮೇಲೆ ಹಳೆಯ ಸರ್ವರಿಗೆ ಬರುವ ಪ್ಯಾಕೆಟ್ಟುಗಳನ್ನು ಟಿಸಿಪಿಡಂಪ್‌ನಲ್ಲಿ ಹಿಡಿದಿಟ್ಟು, ಅದೇ ಫೈಲನ್ನು ಎರಡೂ ಬಿಲ್ಡಿಗೆ ಹಾಯಿಸಿ, ಪಾರ್ಸ್‌ನಿಂದ ಹಿಡಿದು ಕೊನೆಯ ಎಕ್ಸ್-ವೈ ತನಕ ಹಂತಹಂತವಾಗಿ ಹೋಲಿಸಿ. ಕಟ್ಟಕಡೆಯ ಅಂಕಿಯೂ ಒಂದೇ ಇರಬೇಕೆಂಬ ಹಟ ಬೇಡ. 64-ಬಿಟ್ ಆರ್ಮ್‌ನಲ್ಲಿ ಜಿಸಿಸಿ ಗುಣಿಸುವುದನ್ನೂ ಕೂಡುವುದನ್ನೂ ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ಮುಗಿಸುವುದರಿಂದ ದಶಾಂಶದ ಬಾಲದಲ್ಲಿ ಸ್ವಲ್ಪ ವ್ಯತ್ಯಾಸ ಬರಬಹುದು. ಒಂದು ಸೆಂಟಿಮೀಟರಿನೊಳಗಿದ್ದರೆ ಬಿಟ್ಟುಬಿಡಿ. ಹಳೆಯದು 32-ಬಿಟ್ ಬಿಲ್ಡ್ ಆಗಿದ್ದು, ಸಾಕೆಟ್ಟಿನ ಬೈಟುಗಳನ್ನು ನೇರ ಸ್ಟ್ರಕ್ಟಿಗೆ ಮೆಮ್‌ಕಾಪಿ ಮಾಡಿದ್ದರೆ ಅಲ್ಲೂ ಕೈ ಇಡಿ: 'ಲಾಂಗ್' 4 ಬೈಟಿನಿಂದ 8ಕ್ಕೆ ಹೋಗಿರುತ್ತದೆ, 'ಡಬಲ್' ಕೂರುವ ಜಾಗವೂ ಸರಿದಿರಬಹುದು.

ಹೊಸ ಫೋನುಗಳಲ್ಲಿ ಚುಕ್ಕಿ ತಡವಾಗಿ ಚಲಿಸುತ್ತದೆ ಎಂದೂ ಬರೆದಿದ್ದೀರಿ. ಅದು ಸರ್ವರಿನ ತಪ್ಪಲ್ಲ. ಆಂಡ್ರಾಯ್ಡ್ 9ರಿಂದೀಚೆಗೆ ಪರದೆ ಮೇಲಿರುವ ಆ್ಯಪ್ 2 ನಿಮಿಷಕ್ಕೆ 4 ಸಲ ಮಾತ್ರ ಸ್ಕ್ಯಾನ್ ಮಾಡಬಹುದು, ಹಿನ್ನೆಲೆಯ ಆ್ಯಪ್‌ಗಳಿಗೆಲ್ಲ ಸೇರಿ 30 ನಿಮಿಷಕ್ಕೆ ಒಂದೇ ಸಲ. ಮಿತಿ ದಾಟಿದರೆ 'ಸ್ಟಾರ್ಟ್‌ಸ್ಕ್ಯಾನ್' ಫಾಲ್ಸ್ ಕೊಡುತ್ತದೆ, ಆದರೆ 'ಗೆಟ್‌ಸ್ಕ್ಯಾನ್‌ರಿಸಲ್ಟ್ಸ್' ಹಳೆಯ ಪಟ್ಟಿಯನ್ನೇ ಮತ್ತೆ ಕೈಗಿಡುತ್ತದೆ. ನಿಮ್ಮ ಆ್ಯಪ್ ಅದನ್ನೇ ಈಗಿನದೆಂದು ಕಳಿಸುತ್ತಿರಬೇಕು. ಪ್ರತಿ ಫಲಿತಾಂಶದ ಟೈಮ್‌ಸ್ಟಾಂಪ್ ಫೋನ್ ಬೂಟ್ ಆದಾಗಿನಿಂದ ಎಣಿಸಿದ ಮೈಕ್ರೊಸೆಕೆಂಡು, 'ಎಲಾಪ್ಸ್ಡ್‌ರಿಯಲ್‌ಟೈಮ್' ಮಾತ್ರ ಮಿಲಿಸೆಕೆಂಡು. ಎರಡನೆಯದನ್ನು 1000ದಿಂದ ಗುಣಿಸಿ, ಅದರಿಂದ ಮೊದಲನೆಯದನ್ನು ಕಳೆದು, 10 ಸೆಕೆಂಡು ದಾಟಿದ್ದನ್ನು ಫೋನಿನಲ್ಲೇ ಬಿಸಾಕಿ. ಆಂಡ್ರಾಯ್ಡ್ 10ರಿಂದ ಡೆವಲಪರ್ ಆಯ್ಕೆಗಳಲ್ಲಿ ಈ ಮಿತಿ ತೆಗೆಯುವ ಸ್ವಿಚ್ ಇದೆ. ಪರೀಕ್ಷೆಗೆ ಬಳಸಿ, ಬಳಕೆದಾರರಿಗೆ ಹೇಳಬೇಡಿ.